ಕಾರು ನಿಂತಾಗ ಎಂಜಿನು ಏಕೆ ನಿಲ್ಲುತ್ತದೆ?



ಕೋಲ್ಕತ್ತ ನಗರದ ದಕ್ಷಿಣ ಭಾಗದಲ್ಲಿ ಗರಿಯಾಹಾಟ್ ಎಂಬ ದೊಡ್ಡ ಪೇಟೆಯಿದೆ. ರಾಸಬಿಹಾರಿ ಅವೆನ್ಯೂ ಮತ್ತು ಗರಿಯಾಹಾಟ್ ರಸ್ತೆಗಳು ಕೂಡುವ ಚೌಕದಲ್ಲಿ ಹಗಲಿರುಳೂ ಜನಸಂದಣಿ. ಉಪಾಧ್ಯಾಯ ವೃತ್ತಿಯನ್ನವಲಂಬಿಸಿ ತಾಯ್ನಾಡನ್ನು ಬಿಟ್ಟು ಹೊರಟ ನಾವು ಕೆಲವು ಕಾಲ ಆ ಚೌಕದ ಸಮೀಪದಲ್ಲಿ ವಾಸವಾಗಿದ್ದೆವು. ಅಲ್ಲಿ ನಾವು ಮಾಡಿದ ಒಂದು ತಪ್ಪಿನಿಂದ ಈ ಪಾಠವು ಹುಟ್ಟಿತು.

ನಮ್ಮ ನೆರೆಯ ಬಂಗಾಳಿ ಹಿರಿಯರೊಬ್ಬರಲ್ಲಿ ಹಳೆಯ ಅಂಬಾಸಡರ್ ಕಾರಿತ್ತು. ಹೂಗ್ಲಿ ನದಿಯ ದಡದ ಉತ್ತರಪಾಡಾದಲ್ಲಿದ್ದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಇದನ್ನು ತಯಾರಿಸುತ್ತಿತ್ತು. ೧೯೫೦ರ ದಶಕದ ಕೊನೆಯಲ್ಲಿ ಮೊದಲಾದ ಈ ತಯಾರಿಕೆಯು ೨೦೧೪ರಲ್ಲಿ ನಿಂತಿತು. ಹಿರಿಯರು ತಮ್ಮ ಅಸ್ವಸ್ಥ ಪತ್ನಿಯನ್ನು ವಾರಕ್ಕೊಮ್ಮೆ ಈ ಕಾರಿನಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು.

ಗೇರಿಲ್ಲದೆ ಎಂಜಿನು ಮೆಲ್ಲನೆ ಓಡುತ್ತಿರುವುದನ್ನು ಮೆಕ್ಯಾನಿಕರು ಐಡ್ಲಿಂಗ್ ಎನ್ನುತ್ತಾರೆ. ಈ ಕಾರಿನಲ್ಲಿ ಅದೇ ಕೆಟ್ಟಿತ್ತು. ಬೆಳಗ್ಗೆ ಚೋಕ್ ಎಳೆದಾಗ ಎಂಜಿನು ಚೆನ್ನಾಗಿ ಓಡುವುದು. ರಸ್ತೆಯಲ್ಲಿಯೂ ವೇಗವಾಗಿ ಸಾಗುವುದು. ಆದರೆ ಬಿಸಿಯಾದ ಮೇಲೆ ಸಿಗ್ನಲಿನಲ್ಲಿ ನಿಂತೊಡನೆ ನಡುಗಿ ಆರಿಹೋಗುವುದು.

"ಮಾಸ್ಟರ್‌ಮಶಾಯ್, ನೀವು ತಿಳಿದವರು, ಒಮ್ಮೆ ನೋಡಿರಿ" ಎಂದು ಹಿರಿಯರು ಕೇಳಿದರು. ತಿಳಿಯದೆಂದು ಹೇಳಲು ನಮಗೆ ಸಂಕೋಚವಾಯಿತು. ಐಡ್ಲಿಂಗ್ ಸ್ಕ್ರೂವನ್ನು ಸ್ವಲ್ಪ ತಿರುಗಿಸಿ ವೇಗವನ್ನು ಏರಿಸಿದೆವು. ಎಂಜಿನು ಆರಲಿಲ್ಲ, ನಾವು ಹೊಗಳಿಸಿಕೊಂಡೆವು. ಮರುವಾರ ಸುರಿಯುವ ಮಳೆಯಲ್ಲಿ, ಗರಿಯಾಹಾಟ್ ಚೌಕದ ನಟ್ಟನಡುವೆ, ಕಾರು ನಿಂತುಹೋಯಿತು. ಹಿಂದೆ ಬಸ್ಸುಗಳ ಹಾರನ್. ಒಳಗೆ ನರಳುತ್ತಿರುವ ಆ ತಾಯಿ. ದಾರಿಹೋಕರೊಡನೆ ಕಾರನ್ನು ತಳ್ಳುತ್ತ ನಾವು ನಾಚಿಕೆಯಿಂದ ತಲೆತಗ್ಗಿಸಿದೆವು. ನಾವು ರೋಗವನ್ನು ಗುಣಪಡಿಸದೆ ಅದರ ಚಿಹ್ನೆಯನ್ನು ಮಾತ್ರ ಮುಚ್ಚಿದ್ದೆವು.

ಮರುದಿನ ವೃದ್ಧ ಮೆಕ್ಯಾನಿಕನೊಬ್ಬನು ಬಂದನು. ಅವನು ಉಪಕರಣಗಳನ್ನು ಮುಟ್ಟುವ ಮೊದಲು ಪ್ರಶ್ನೆಗಳನ್ನು ಕೇಳಿದನು: "ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ನಿಂತಾಗಲೋ, ಓಡುವಾಗಲೋ?" ದೋಷವು ಯಾವಾಗ ತೋರುತ್ತದೆಂಬುದೇ ಅದು ಎಲ್ಲಿದೆಯೆಂಬುದಕ್ಕೆ ದಾರಿ.

ಪೆಟ್ರೋಲ್ ಎಂಜಿನಿಗೆ ಇಂಧನ, ಗಾಳಿ, ಕಿಡಿ ಮತ್ತು ಸಿಲಿಂಡರಿನೊಳಗಿನ ಒತ್ತಡ, ಈ ನಾಲ್ಕೂ ಬೇಕು. ಇಂಧನದ ಸೋಸುಕ ಕಟ್ಟಿಕೊಂಡಿದ್ದರೆ, ಹೆಚ್ಚು ಪೆಟ್ರೋಲು ಬೇಕಾಗುವ ವೇಗದ ಓಟದಲ್ಲಿಯೇ ಎಂಜಿನು ಮೊದಲು ಸೋಲಬೇಕು. ಟ್ಯಾಂಕಿಗೆ ಗಾಳಿ ಹೋಗುವ ರಂಧ್ರ ಮುಚ್ಚಿದ್ದರೆ, ಕೆಲವು ದೂರ ಓಡಿದ ಮೇಲೆ ನಿಲ್ಲಬೇಕು. ಮುಚ್ಚಳ ತೆಗೆದರೆ ಸುಧಾರಿಸಬೇಕು. ಕಿಡಿಯ ದೋಷವಿದ್ದರೆ, ಸಾಮಾನ್ಯವಾಗಿ ರಸ್ತೆಯಲ್ಲಿಯೂ ಎಂಜಿನು ಮುಗ್ಗರಿಸಬೇಕು. ಇಲ್ಲಿ ಇವಾವುವೂ ಇರಲಿಲ್ಲ.

ಅನಂತರ ಅವನು ಪ್ಲಗ್ಗುಗಳನ್ನು ಬಿಚ್ಚಿ ತೋರಿಸಿದನು. ಪ್ಲಗ್ಗಿನ ತುದಿಯಲ್ಲಿ ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಬಿಳುಪಾಗಿದ್ದರೆ ಗಾಳಿ ಹೆಚ್ಚಾಗಿದೆ. ತಿಳಿಗಂದು ಬಣ್ಣವೇ ಕ್ಷೇಮದ ಗುರುತು. ಇವು ಬಿಳಿದಾಗಿದ್ದವು. ಒಂದು ತೂಕದ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೫ ತೂಕದ ಗಾಳಿ ಬೇಕು. ಇಲ್ಲಿ ಅದಕ್ಕಿಂತಲೂ ಅಧಿಕವಾದ ಗಾಳಿ ಎಲ್ಲಿಂದಲೋ ನುಗ್ಗುತ್ತಿತ್ತು.

ಆ ಕಾರಿನಲ್ಲಿದ್ದದ್ದು ಎಸ್.ಯು. ಕಾರ್ಬುರೇಟರ್. ಎಂಜಿನು ಓಡುತ್ತಿರುವಾಗ ಅದರ ಪಿಸ್ಟನ್ನನ್ನು ಸುಮಾರು ೧/೩೨ ಅಂಗುಲ ಎತ್ತಬೇಕು. ವೇಗವು ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ಕ್ಷಣಮಾತ್ರ ತುಸು ಏರಿ ಇಳಿದರೆ ಮಿಶ್ರಣ ಸರಿ. ಎಂಜಿನು ಆರಿದರೆ ಗಾಳಿ ಹೆಚ್ಚು. ಎತ್ತಿದೊಡನೆ ಎಂಜಿನು ಆರಿತು!

ಕೊನೆಗೆ ಅವನು ಎಂಜಿನನ್ನು ಮತ್ತೆ ಓಡಿಸಿ, ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಕಾರ್ಬುರೇಟರು ಕೂಡುವ ಸಂದಿಯ ಸುತ್ತ ಸವರಿದನು. ಒಂದು ಕಡೆ ನೀರು ಒಳಕ್ಕೆ ಸೆಳೆಯಲ್ಪಟ್ಟು ಎಂಜಿನಿನ ಸದ್ದು ಬದಲಾಯಿತು. ಅಲ್ಲಿದ್ದ ತೆಳುವಾದ ಗ್ಯಾಸ್ಕೆಟ್ ಬಿರಿದಿತ್ತು. ಐಡ್ಲಿಂಗಿನಲ್ಲಿ ಗಾಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುವುದರಿಂದ ಒಳಗಿನ ಸೆಳೆತ ಅತ್ಯಧಿಕ; ಆಗ ಸಣ್ಣ ಬಿರುಕೂ ದೊಡ್ಡ ದೋಷ. ಬಾಗಿಲು ತೆರೆದು ವೇಗವಾಗಿ ಓಡುವಾಗ ಅದು ಗಣನೆಗೆ ಬಾರದು. ಚೋಕ್ ಎಳೆದಾಗ ಪೆಟ್ರೋಲು ಹೆಚ್ಚಾಗಿ ಕೊರತೆಯು ಮರೆಯಾಗುತ್ತಿತ್ತು. ಎಲ್ಲ ಚಿಹ್ನೆಗಳಿಗೂ ಕಾರಣ ಒಂದೇ ಆಗಿದ್ದಿತು.

ಹೊಸ ಗ್ಯಾಸ್ಕೆಟನ್ನು ಹಾಕಿ, ನಾವು ತಿರುಗಿಸಿದ್ದ ಸ್ಕ್ರೂವನ್ನು ಅವನು ಹಿಂದಕ್ಕೆ ತಿರುಗಿಸಿದನು. ಕಾರು ಸಿಗ್ನಲಿನಲ್ಲಿ ಆರದೆ ನಿಂತಿತು. ಮುಂದಿನ ವಾರ ಆ ತಾಯಿ ಸಕಾಲಕ್ಕೆ ಆಸ್ಪತ್ರೆಯನ್ನು ಸೇರಿದರು. ನಾವು ಹಿರಿಯರಲ್ಲಿ ತಪ್ಪನ್ನೊಪ್ಪಿಕೊಂಡೆವು. ಅವರು ನಕ್ಕು ಚಹ ಕೊಟ್ಟರು.

ಬಾಲಕರೇ, ಬಾಲಕಿಯರೇ, ಇಂತಹ ಪರೀಕ್ಷೆಯನ್ನು ತಿಳಿದ ಹಿರಿಯರ ಎದುರಿನಲ್ಲಿ, ಬಯಲಿನಲ್ಲಿಯೇ ಮಾಡಿಸಿರಿ. ಮುಚ್ಚಿದ ಕೋಣೆಯಲ್ಲಿ ಎಂಜಿನಿನ ಹೊಗೆಯು ಪ್ರಾಣವನ್ನು ತೆಗೆಯಬಲ್ಲುದು. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ ಫಲವನ್ನು ನೋಡಿರಿ. ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ. ನಮಗೆ ಅಂದು ಆ ಒಂದು ಮಾತನ್ನಾಡುವ ಧೈರ್ಯವಿದ್ದಿದ್ದರೆ, ಆ ತಾಯಿ ಮಳೆಯಲ್ಲಿ ನಡುರಸ್ತೆಯಲ್ಲಿ ನರಳುತ್ತಿರಲಿಲ್ಲ.

ಅಭ್ಯಾಸ

೧. ಸಂದಿಯ ಬಿರುಕು ಐಡ್ಲಿಂಗಿನಲ್ಲಿ ಮಾತ್ರ ಏಕೆ ಹೆಚ್ಚು ಬಾಧಿಸುತ್ತದೆ?
೨. ವೇಗದಲ್ಲಿ ಮಾತ್ರ ಸೋಲುವ ಎಂಜಿನಿನಲ್ಲಿ ಮೊದಲು ಏನನ್ನು ನೋಡುವಿರಿ? ಕಾರಣ ಕೊಡಿರಿ.