ನಮ್ಮ ಬೆಟ್ಟ ಇಳಿಯುವ ಬೆಟ್ಟ

ಬೇರೆ ಸೀಮೆಯವರು ಬೆಟ್ಟಕ್ಕೆ ಹೋದರೆ ಮೊದಲು ಹತ್ತುತ್ತಾರೆ, ಆಮೇಲೆ ಇಳಿಯುತ್ತಾರೆ. ನಮ್ಮ ಬೀದರಿನಲ್ಲಿ ಇದು ತಿರುಗಾಮುರುಗಾ. ಊರು ಇರುವುದೇ ಬೆಟ್ಟದ ನೆತ್ತಿಯ ಮೇಲೆ. ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿರುವ ಕೆಂಪು ಜಂಬಿಟ್ಟಿಗೆ ಕಲ್ಲಿನ ಆ ನೆತ್ತಿ ಅಂಗೈಯ ಹಾಗೆ ಮಟ್ಟಸ. ನಡೆಯುತ್ತಾ ಹೋದವನಿಗೆ ಅಂಚು ಎದುರಾಗಿ, ಕಾಲ ಕೆಳಗೆ ನೆಲ ತಗ್ಗಿ, ದೂರದ ಹೊಲಗಳು ಕಂಡಾಗಲೇ ತಾನು ಇಷ್ಟು ಹೊತ್ತು ಬೆಟ್ಟದ ಮೇಲಿದ್ದೆ ಎಂದು ತಿಳಿಯುವುದು. ಇಳಿಯುವಾಗ ಹುರುಪು ಇರುತ್ತದೆ. ಹತ್ತುವ ಪಾಳಿ ಬರುವುದು ಕಾಲು ಸೋತ ಮೇಲೆ. ಇದನ್ನು ನಾನು ಕಲಿತದ್ದು ಹೋದ ಮೇ ತಿಂಗಳಲ್ಲಿ, ಬಾಲ್ಯದ ಗೆಳೆಯನ ಜೀವವನ್ನು ಬಿಸಿಲಿಗೆ ಒಡ್ಡಿ.

ನಾವಿಬ್ಬರೂ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದವರು. ಒಂದೇ ಓಣಿ, ಒಂದೇ ಶಾಲೆ. ಊರ ಕೋಟೆಯೇ ನಮ್ಮ ಪಾಲಿನ ಬೆಟ್ಟ. ಬೇಸಿಗೆ ಸೂಟಿ ಬಿಟ್ಟರೆ ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಹೊತ್ತು ನೋಡಿ ಬರಿಗಾಲಲ್ಲಿ ಅಲ್ಲಿಗೆ ಓಟ. ಮೊದಲು ಬುರುಜು ಮುಟ್ಟಿದವನೇ ಅವತ್ತಿನ ಸರದಾರ. ದಿನಾ ಅವನೇ ಗೆಲ್ಲುತ್ತಿದ್ದ. ನಾನು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅವನು ಕಲ್ಲಿನ ಮೇಲೆ ಕೂತು, ಜೇಬಿನ ಶೇಂಗಾ ಸುಲಿದು ನನ್ನ ಪಾಲು ತೆಗೆದಿಟ್ಟಿರುತ್ತಿದ್ದ. ಕಾಲೇಜು ಮುಗಿದ ಮೇಲೆ ಅವನು ಪುಣೆಗೆ ಹೋದ. ಕಾರ್ಖಾನೆ ಕೆಲಸ, ಸಂಸಾರ, ಅಲ್ಲೇ ಮನೆ. ನಾನು ಊರಲ್ಲೇ ಉಳಿದು ಹೊಲ ಮತ್ತು ಮಾಸ್ತರಿಕೆ ನೋಡಿಕೊಂಡೆ. ಮದುವೆ, ಮಣ್ಣು ಅಂತ ನಾಲ್ಕಾರು ಸಲ ಸಿಕ್ಕಿದ್ದು ಬಿಟ್ಟರೆ ಮೂವತ್ತು ವರ್ಷ ನಾವಿಬ್ಬರೇ ಕೂತು ಒಂದು ದಿನ ಕಳೆದದ್ದಿಲ್ಲ.

ಮೇ ತಿಂಗಳಲ್ಲಿ ಅವನು ಬಂದಾಗ ನಾನೇ ಹೇಳಿದೆ. "ದೋಸ್ತಾ, ಒಂದು ದಿನ ನಡಿ. ಬೀದರಿನ ಗುಡ್ಡದ ಅಂಚಿಗುಂಟ ನಡಕೋತ ಹೋಗಮು." ಅವನು ಒಂದು ಗಳಿಗೆ ಸುಮ್ಮನಿದ್ದು ಹೂಂ ಅಂದ. ಆ ಒಂದು ಗಳಿಗೆಯ ಮೌನವನ್ನು ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ. ನನ್ನ ಮೊದಲ ತಪ್ಪು ಅದು.

ನಸುಕಿನಲ್ಲೇ ಹೊರಟು ನೌಬಾದಿನಲ್ಲಿ ಇಳಿದಾಗ ಇನ್ನೂ ತಂಪಿತ್ತು. ಹೆಗಲ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ತಲಾ ಒಂದು ಲೀಟರ್ ನೀರು. ನೌಬಾದಿನಿಂದ ಪಾಪನಾಶ, ಗುರುನಾನಕ್ ಝೀರಾ, ಕೋಟೆಯ ಬದಿ, ಅಲ್ಲಿಂದ ಇಳಿದು ಅಷ್ಟೂರಿನ ಗುಂಬಜಗಳು. ಸುತ್ತುಬಳಸು ಸೇರಿ ಹನ್ನೆರಡು ಹದಿಮೂರು ಕಿಲೋಮೀಟರ್ ಇರಬಹುದು ಎಂದು ಲೆಕ್ಕ ಹಾಕಿದ್ದೆ.

ಮೊದಲು ನೋಡಿದ್ದು ಸುರಂಗ ಬಾವಿ. ನಮ್ಮ ಕಡೆ ಕರೇಜ್ ಅನ್ನುತ್ತಾರೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯಿಂದ ತೋಡಿದ ನೀರಿನ ದಾರಿ ಇದು. ನೆಲದೊಳಗೆ ಸುಮಾರು ಮೂರು ಕಿಲೋಮೀಟರ್ ಸುರಂಗ. ಮೇಲೆ ಅಲ್ಲಲ್ಲಿ ಗಾಳಿಗೂ ಮಣ್ಣು ಎತ್ತಲಿಕ್ಕೂ ಬಿಟ್ಟ ಬಾವಿಯಂಥ ಕಂಡಿಗಳು. ಸುರಂಗಕ್ಕೆ ಕಂಡೂ ಕಾಣದಷ್ಟು ಇಳಿಜಾರು ಕೊಟ್ಟಿದ್ದಾರೆ, ಹಗ್ಗವಿಲ್ಲ, ರಾಟೆಯಿಲ್ಲ, ನೀರು ತಾನಾಗಿ ಸಾಗುತ್ತದೆ. ಇಂಥವೇ ಇರಾನಿನ ಸುರಂಗಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವಿಬ್ಬರೂ ಒಂದು ಕಂಡಿಯ ಕಟ್ಟೆಗೆ ಎದೆ ಕೊಟ್ಟು ಒಳಗೆ ಇಣುಕಿದೆವು. ಮುಖಕ್ಕೆ ತಣ್ಣನೆ ಹವೆ ಬಡಿಯಿತು. ನೆಲದ ಮೇಲೆ ಹುಲ್ಲು ಸುಟ್ಟು ಬೂದಿ ಬಣ್ಣವಾಗಿದ್ದರೆ ಒಳಗಿನ ಗೋಡೆಗೆ ಹಸಿರು ಪಾಚಿ. "ಮ್ಯಾಲ ಬೆಂಕಿ, ಒಳಗ ತಂಪು" ಎಂದು ಗೆಳೆಯ ಬಹಳ ಹೊತ್ತು ಅಲ್ಲೇ ನಿಂತ. ನಾನು ಗಡಿಯಾರ ನೋಡಿ ಅವನನ್ನು ಹೊರಡಿಸಿದೆ.

ಪಾಪನಾಶದ ಶಿವಾಲಯ ತಲುಪಿದಾಗ ಬಿಸಿಲು ಏರಿತ್ತು. ಲಂಕೆಯಿಂದ ಮರಳುವಾಗ ರಾಮನೇ ಇಲ್ಲಿ ಲಿಂಗ ಸ್ಥಾಪಿಸಿದ ಎಂದು ನಮ್ಮ ಜನ ನಂಬುತ್ತಾರೆ. ಪಾಪನಾಶವಿರಲಿ, ಗುರುನಾನಕ್ ಝೀರಾ ಇರಲಿ, ನರಸಿಂಹ ಝರಣಿ ಇರಲಿ, ಬೀದರಿನ ಪುಣ್ಯಸ್ಥಳಗಳು ನೀರು ಒಸರುವ ಜಾಗದಲ್ಲೇ ಯಾಕಿವೆ ಎಂದು ಗೆಳೆಯ ಕೇಳಿದ. ಶಾಲೆಯಲ್ಲಿ ಮಕ್ಕಳಿಗೆ ಹೇಳುವುದನ್ನೇ ಅವನಿಗೂ ಹೇಳಿದೆ. ಜಂಬಿಟ್ಟಿಗೆ ಕಲ್ಲು ಜೇನುಹುಟ್ಟಿನ ಹಾಗೆ ತೂತು ತೂತು. ಮುಂಗಾರಿನ ಮಳೆಯನ್ನು ಅದು ಕುಡಿದುಬಿಡುತ್ತದೆ. ಅದರ ಕೆಳಗೆ ಜಿಗುಟು ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಕಪ್ಪು ಬಂಡೆ. ಅಲ್ಲಿ ತಡೆದ ನೀರು ಅಡ್ಡ ಹರಿದು ಬೆಟ್ಟದ ಅಂಚಿನಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಜುಲೈನಲ್ಲಿ ಬಿದ್ದ ಮಳೆ ಮೇ ತಿಂಗಳಲ್ಲಿ ಬಾಯಾರಿದವರಿಗೆ ಸಿಗುವುದು ಹೀಗೆ.

ಅಲ್ಲಿಂದ ಗುರುನಾನಕ್ ಝೀರಾದ ಗುರುದ್ವಾರ. ಗುರುನಾನಕರು ಪಾದದಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತು ಎಂಬುದು ಸಿಖ್ಖರ ನಂಬಿಕೆ. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ಖಾಲ್ಸಾದ ಪಂಚ ಪ್ಯಾರೇ ಎಂಬ ಮೊದಲ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು ಎಂಬ ಹೆಮ್ಮೆ ಜಿಲ್ಲೆಯ ಎಲ್ಲರಿಗೂ ಇದೆ. ತಲೆಗೆ ಬಟ್ಟೆ ಕಟ್ಟಿ, ಕುಂಡದ ನೀರು ಕಣ್ಣಿಗೊತ್ತಿಕೊಂಡು, ಲಂಗರಿನ ಸಾಲಿನಲ್ಲಿ ಕೂತು ಉಂಡೆವು. ಚಪಾತಿ, ಬೇಳೆ, ಅನ್ನ. ಉಂಡ ಮೇಲೆ ಗೆಳೆಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. "ಬಿಸಲು ಇಳೀಲಿ ಬಿಡು, ಒಂದು ತಾಸು ಇಲ್ಲೇ ಅಡ್ಡಾಗಮು" ಅಂದ.

ನನಗೆ ತಡೆಯಲಿಲ್ಲ. ಅಷ್ಟೂರು ಮುಗಿಸಿ ಸಂಜೆಯೊಳಗೆ ಊರು ಸೇರುವ ಆಸೆ. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಬಾಲ್ಯದಲ್ಲಿ ದಿನಾ ನನ್ನನ್ನು ಸೋಲಿಸಿದವನಿಗಿಂತ ಇವತ್ತು ನಾನು ಮುಂದೆ ಇದ್ದೆ. ಬೆಳಗಿನಿಂದ ಅವನು ಹಿಂದೆ ಬೀಳುತ್ತಿದ್ದ, ನನಗೆ ಅದು ಒಳಗೊಳಗೆ ಖುಷಿ ಕೊಟ್ಟಿತ್ತು. "ಇಳಕಲು ದಾರಿ, ತಾಸಿನೊಳಗ ಮುಟ್ತೀವಿ, ನಡಿ" ಎಂದು ಎಬ್ಬಿಸಿದೆ. ಗಂಟೆ ಹನ್ನೊಂದೂವರೆ.

ಊರು ದಾಟಿ ಅಷ್ಟೂರಿನ ಕಡೆ ತಿರುಗಿದ ಮೇಲೆ ದಾರಿಯಲ್ಲಿ ನೆರಳಿಲ್ಲ. ಕೆಳಗಿನಿಂದ ನೆಲದ ಕಾವು, ಮೇಲಿನಿಂದ ಸೂರ್ಯ. ನಮ್ಮ ಒಣ ಹವೆಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಕೂಡಲೇ ಆರಿಹೋಗುತ್ತದೆ. ಗೆಳೆಯನ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು. ಅದನ್ನು ನೋಡಿದೆ, ಆದರೆ ಅದರ ಅರ್ಥ ಓದಲಿಲ್ಲ. ಸಂತ ಹಜರತ್ ಖಲೀಲುಲ್ಲಾರ ಸಮಾಧಿಯಾದ ಚೌಖಂಡಿ ದಾಟಿ ನೂರಿನ್ನೂರು ಹೆಜ್ಜೆ ಹೋಗಿರಬೇಕು, ಹಿಂದೆ ಹೆಜ್ಜೆ ಸಪ್ಪಳ ನಿಂತಿತು. ತಿರುಗಿದರೆ ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕೈಯೂರಿ ಬಾಗಿದ್ದ. ಮುಖ ಬಿಳಿಚಿತ್ತು. ಮೈ ಮುಟ್ಟಿದರೆ ಜಿಗುಟು ಜಿಗುಟು. "ಕಣ್ಣಿಗಿ ಕತ್ತಲಿ ಬರ್ಲತ್ತದ" ಎಂದು ಅಲ್ಲೇ ಕುಸಿದು ಕೂತ.

ನನ್ನ ಬಾಟಲಿಯಲ್ಲಿ ಎರಡು ಗುಟುಕು ನೀರಿತ್ತು. ಅವನದು ಖಾಲಿ. ಆ ಗಳಿಗೆಯಲ್ಲಿ ಸಹಾಯಕ್ಕೆ ಬಂದದ್ದು ಒಬ್ಬ ಕುರಿ ಕಾಯುವ ಮುತ್ಯಾ. ಅವರ ಕುರಿಗಳು ಹೊಲದಲ್ಲಿ ಗುಂಪುಗೂಡಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹುದುಗಿಸಿ ಕಲ್ಲಿನ ಹಾಗೆ ನಿಂತಿದ್ದವು. ಮುತ್ಯಾ ಬಂದವರೇ ನನ್ನನ್ನು ನೋಡಿ ಅಂದರು: "ಈ ಬಿಸಲಾಗ ಕುರಿನೂ ನಡ್ಯಂಗಿಲ್ಲ ತಮ್ಮಾ, ಮನಶಾರು ನೀವು ಹ್ಯಾಂಗ ನಡದ್ರಿ?"

ಇಬ್ಬರೂ ಸೇರಿ ಅವನನ್ನು ಚೌಖಂಡಿಯ ನೆರಳಿಗೆ ತಂದೆವು. ಎಂಟು ಮೂಲೆಯ ಎತ್ತರದ ಆ ಕಟ್ಟಡದ ಒಂದು ಮಗ್ಗುಲಿಗೆ ನೆರಳಿತ್ತು. ಮುತ್ಯಾ ಕಂಬಳಿ ಹಾಸಿ ಮಲಗಿಸಿದರು. ಅಂಗಿ ಗುಂಡಿ ಬಿಚ್ಚಿ, ಟವೆಲ್ ತೋಯಿಸಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒತ್ತಿದರು. ಇನ್ನೊಂದು ಬಟ್ಟೆಯಿಂದ ಗಾಳಿ ಬೀಸಲು ನನಗೆ ಹೇಳಿದರು. ಕಾಲು ಎತ್ತಿ ನನ್ನ ಚೀಲದ ಮೇಲೆ ಇಡಿಸಿದರು. ಆಮೇಲೆ ತಮ್ಮ ಬುತ್ತಿಯ ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಅರ್ಧ ತಾಸಿಗೆ ಗೆಳೆಯನ ಮುಖಕ್ಕೆ ರಕ್ತ ಬಂತು. ಮಾತು ತೊದಲಿದ್ದರೆ, ಎಚ್ಚರ ತಪ್ಪಿದ್ದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ಅದು ಪ್ರಾಣಕ್ಕೇ ಕುತ್ತು. ಆಗ ಮಜ್ಜಿಗೆ ಕುಡಿಸಲು ಹೋಗದೆ ಮೈ ತಣಿಸುತ್ತಲೇ 108ಕ್ಕೆ ಫೋನ್ ಮಾಡಬೇಕು. ನಮ್ಮ ಪುಣ್ಯ, ಅಲ್ಲಿಗೆ ಹೋಗಲಿಲ್ಲ.

ಆ ನೆರಳಿನಲ್ಲಿ ನಾಲ್ಕು ತಾಸು ಕೂತೆವು. ಮೂವತ್ತು ವರ್ಷದಲ್ಲಿ ಆಡದ ಮಾತು ಅಲ್ಲಿ ಆಡಿದೆವು. ಅವನಿಗೆ ಆರು ವರ್ಷದಿಂದ ಬಿಪಿ. ದಿನಾ ಎರಡು ಮಾತ್ರೆ, ಅದರಲ್ಲೊಂದು ಮೈಯ ನೀರನ್ನು ಮೂತ್ರವಾಗಿ ಹೊರಹಾಕುವಂಥದ್ದು. ಬೆಳಿಗ್ಗೆ ಅದನ್ನು ನುಂಗಿಯೇ ಹೊರಟಿದ್ದ. ಹೋದ ವರ್ಷ ಕೆಲಸ ಹೋಗಿತ್ತು. ಅದನ್ನೂ ನನಗೆ ಹೇಳಿರಲಿಲ್ಲ. "ಮೊದಲೇ ಯಾಕ ಹೇಳಲಿಲ್ಲೋ?" ಅಂದೆ.

"ನೀ ಕೇಳಲಿಲ್ಲ. ಮತ್ತ ನಿನ್ನ ಕಣ್ಣಾಗ ನಾ ಇನ್ನೂ ಬುರುಜಿನ ಹುಡಗ. ಆ ಹುಡಗನ್ನ ಕಳಕೋಬೇಕು ಅನಸಲಿಲ್ಲ."

ಈ ಮಾತು ನನ್ನೊಳಗೆ ನಾಟಿತು. ಹಳೆಯ ಗೆಳೆಯ ಎಂದರೆ ಎಲ್ಲ ಗೊತ್ತು ಎಂಬ ಭರವಸೆ ನಮಗೆ. ನಮಗೆ ಗೊತ್ತಿರುವುದು ಹತ್ತು ಹನ್ನೆರಡು ವರ್ಷದ ಆ ಹುಡುಗ. ಎದುರಿಗೆ ಇರುವ ಐವತ್ತು ದಾಟಿದ ಮನುಷ್ಯನನ್ನು ನಾವು ಕೇಳಿಯೇ ಇರುವುದಿಲ್ಲ. ಅವನ ಮೈ ಏನು ಹೇಳುತ್ತಿದೆ, ಮನೆ ಹೇಗಿದೆ, ರಾತ್ರಿ ನಿದ್ದೆ ಬರುತ್ತದೆಯೇ. ಅಪರಿಚಿತರ ಜೊತೆ ನಡೆದಿದ್ದರೆ ಇದನ್ನೆಲ್ಲ ವಿಚಾರಿಸುತ್ತಿದ್ದೆ. ಸಲಿಗೆ ಇದ್ದದ್ದರಿಂದಲೇ ಕೇಳಲಿಲ್ಲ.

ಆ ದಿನದಿಂದ ನಾನು ಪಾಲಿಸುವ ನಾಲ್ಕು ಮಾತು ಇಲ್ಲಿ ಬರೆಯುತ್ತೇನೆ. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ನಡೆಯುವುದಿಲ್ಲ. ಆ ಹೊತ್ತಿಗೆ ನೀರೂ ನೆರಳೂ ಇರುವ ಜಾಗದಲ್ಲಿ ಕೂತಿರಬೇಕು ಎಂದು ದಾರಿಯನ್ನೇ ಹಾಗೆ ಕಟ್ಟುತ್ತೇನೆ. ಬರೀ ನೀರು ಸಾಲದು, ಬೆವರಿನ ಜೊತೆ ಉಪ್ಪೂ ಹೋಗಿರುತ್ತದೆ. ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇರಲೇಬೇಕು. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಬೇಕು, ತಾವಾಗಿ ಮಾತ್ರೆ ಬಿಡಬಾರದು. ಇನ್ನು, ಮುಂದೆ ನಡೆಯಬೇಕಾದವನು ಎಲ್ಲರಿಗಿಂತ ನಿಧಾನ ನಡೆಯುವವನು. ಅವನ ಹೆಜ್ಜೆಯೇ ಗುಂಪಿನ ಹೆಜ್ಜೆ. ನಮ್ಮಂಥ ಇಳಿಯುವ ಬೆಟ್ಟದಲ್ಲಂತೂ ಇಳಿಯುವಾಗಿನ ಹುರುಪನ್ನು ನಂಬಬಾರದು, ಕಷ್ಟದ ಅರ್ಧ ಇನ್ನೂ ಮುಂದಿರುತ್ತದೆ.

ಐದು ಗಂಟೆಗೆ ಮುತ್ಯಾನ ಕಾಲು ಮುಟ್ಟಿ ಎದ್ದೆವು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಬುತ್ತಿಯ ರೊಟ್ಟಿ ಹಿಂಡಿ ಕೊಟ್ಟೆವು, ಅದನ್ನು ಹಣೆಗೊತ್ತಿ ಇಸಕೊಂಡರು. ಅಷ್ಟೂರಿಗೆ ಆಟೋದಲ್ಲಿ ಹೋದೆವು. ಅಹಮದ್ ಷಾ ವಲಿಯ ಗುಂಬಜದೊಳಗೆ ಸಂಜೆ ಬೆಳಕಿನಲ್ಲಿ ಬಂಗಾರ ಬಣ್ಣದ ಬರಹ ಮಿನುಗುತ್ತಿತ್ತು. ಈ ಬಹಮನಿ ಸುಲ್ತಾನನೇ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. ಅವನನ್ನು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. ಪ್ರತಿ ವರ್ಷ ಇಲ್ಲಿನ ಜಾತ್ರೆಗೆ ಆಳಂದ ತಾಲ್ಲೂಕಿನ ಮಾಡ್ಯಾಳದ ಜಂಗಮರು ಭಕ್ತರ ಜೊತೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಗೆಳೆಯ ಗೋಡೆಗೆ ಒರಗಿ ಅದನ್ನೆಲ್ಲ ಕೇಳಿ, "ಅಷ್ಟು ಮಂದಿ ಕೂಡಿ ನಡೀಬೇಕಂದ್ರ ಒಬ್ಬರಿಗೊಬ್ಬರು ನಿಲ್ಲಲೇಬೇಕು" ಅಂದ. ನನಗೆ ಬೈಯಬೇಕಾದವನು ಅಷ್ಟರಲ್ಲೇ ಮುಗಿಸಿದ.

ಬರುವ ಮಾಘದ ತಂಪಿನಲ್ಲಿ ಮತ್ತೆ ಹೊರಡುವವರಿದ್ದೇವೆ. ಈ ಸಲ ಭಾತಂಬ್ರಾದ ನಮ್ಮ ಕೋಟೆಯಿಂದಲೇ ಸುರು, ಅವನು ಮುಂದೆ, ನಾನು ಹಿಂದೆ. ಓದುವ ನಿಮ್ಮಲ್ಲಿ ನನ್ನದೊಂದು ವಿನಂತಿ. ಬೇಸಿಗೆ ಸೂಟಿಗೆ ಹಳೆಯ ಗೆಳೆಯ, ಗೆಳತಿ ಬಂದರೆ ಖಂಡಿತ ಜೊತೆಗೆ ನಡೆಯಿರಿ. ಚಪ್ಪಲಿ ಮೆಟ್ಟುವ ಮೊದಲು ಒಂದು ಹತ್ತು ನಿಮಿಷ ಎದುರು ಕೂತು ಕೇಳಿ: ಆರೋಗ್ಯ ಹೇಗಿದೆ, ಯಾವ ಮಾತ್ರೆ ತಗೊಳ್ಳುತ್ತೀ, ಎಷ್ಟು ದೂರ ನಡೆಯಬಲ್ಲೆ. ಉತ್ತರ ಬರುವವರೆಗೆ ಕಾಯಿರಿ.