ಹೊಣೆಯ ಅಳತೆ

ಹುಬ್ಬಳ್ಳಿಯ ಸಿದ್ಧಾರೂಢರ ತೇರಿನ ಹಗ್ಗಕ್ಕೆ ಕೈಹಚ್ಚಿದ ಜನಸಮೂಹದಲ್ಲಿ ನಿಜವಾಗಿ ಎಳೆಯುವವರೆಷ್ಟು, ಹಗ್ಗವನ್ನು ಮುಟ್ಟಿ ತೃಪ್ತರಾಗುವವರೆಷ್ಟು ಎಂಬುದನ್ನು ನೋಡಿದವರಾರೂ ಹೇಳಲಾರರು. ತೇರು ಸಾಗುವುದು, ಲೆಕ್ಕ ಕೇಳುವವರಿಲ್ಲ. ಭಕ್ತಿಯ ವಿಷಯದಲ್ಲಿ ಲೆಕ್ಕ ಬೇಡವೂ ಬೇಡ. ಆದರೆ ಮನೆ, ಕೇರಿ, ಶಾಲೆಗಳ ಕೆಲಸದಲ್ಲಿ ಇದೇ ಪ್ರಶ್ನೆಯು ದಿನವೂ ಏಳುತ್ತದೆ. ಹತ್ತು ಮನೆಗಳ ಚಾಳಿನಲ್ಲಿ ನಳದ ನೀರು ಸೋರುತ್ತಿದ್ದರೆ ಅದನ್ನು ಕಾಣದವರಿಲ್ಲ, ತಿರುವಿ ನಿಲ್ಲಿಸಿದವರೂ ಇಲ್ಲ.

ಈ ಲೆಕ್ಕವನ್ನು ಮೊದಲು ಕೇಳಿದವರಲ್ಲಿ ಫ್ರಾನ್ಸ್ ದೇಶದ ಕೃಷಿತಂತ್ರಜ್ಞನಾದ ಮ್ಯಾಕ್ಸ್ ರಿಂಗೆಲ್‌ಮನ್ನನೊಬ್ಬನು. ಅವನು 1880ರ ದಶಕದಲ್ಲಿ ಜನರಿಂದ ಹಗ್ಗವನ್ನೆಳೆಯಿಸಿ ಬಲವನ್ನಳೆದು, ಫಲವನ್ನು 1913ರಲ್ಲಿ ಪ್ರಕಟಿಸಿದನು. ಎಂಟು ಜನರು ಕೂಡಿ ದುಡಿದರೆ ಒಬ್ಬೊಬ್ಬನ ಪಾಲಿನ ಬಲವು ಒಂಟಿಯಾಗಿ ದುಡಿವಾಗಿನ ಬಲದ ಸುಮಾರು ಅರ್ಧಕ್ಕಿಳಿಯುವುದೆಂದು ಅವನ ಕೋಷ್ಟಕವು ತೋರಿಸುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿದ್ದುದೇ ಇದಕ್ಕೆ ಕಾರಣವಿರಬಹುದಲ್ಲವೆ? ಈ ಸಂಶಯವನ್ನು 1974ರಲ್ಲಿ ಅಮೇರಿಕೆಯ ಸಂಶೋಧಕರು ಪರೀಕ್ಷಿಸಿದರು. ಒಬ್ಬನ ಕಣ್ಣು ಕಟ್ಟಿ, ಹಿಂದೆ ಇತರರೂ ಎಳೆಯುತ್ತಿರುವರೆಂದು ನಂಬಿಸಿದರು. ವಾಸ್ತವದಲ್ಲಿ ಎಳೆಯುವವನು ಅವನೊಬ್ಬನೇ. ಆಗಲೂ ಅವನ ಬಲವು ಕುಗ್ಗಿತು. ದೋಷವೆಲ್ಲವೂ ತೋಳಿನ ಹೊಂದಿಕೆಯದಲ್ಲ, ಮನಸ್ಸಿನದೂ ಹೌದು ಎಂದು ಇದರಿಂದ ತಿಳಿಯಿತು. ಮುಂದೆ 1981ರಲ್ಲಿ ಇನ್ನೊಂದು ಮಾತು ಹೊರಬಿತ್ತು: ಗುಂಪಿನಲ್ಲಿ ಕೂಗುವವರಿಗೆ ತಮ್ಮ ತಮ್ಮ ಧ್ವನಿಯನ್ನು ಬೇರೆಬೇರೆಯಾಗಿ ಅಳೆಯುವರೆಂದು ಅರಿವಾದೊಡನೆ ಈ ಮೈಗಳ್ಳತನವು ಮಾಯವಾಯಿತು.

ಹಗ್ಗದ ಮಾತು ಹಾಗಿರಲಿ; ಪ್ರಾಣಾಪಾಯದಲ್ಲಿಯೂ ಇದೇ ನಡೆಯುವುದೆಂಬುದು ಹೆಚ್ಚಿನ ಯೋಚನೆಗೆ ಈಡುಮಾಡತಕ್ಕದ್ದು. ಡಾರ್ಲಿ ಮತ್ತು ಲಟಾನೆ ಎಂಬ ಮನಃಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಧ್ವನಿಯಂತ್ರದ ಮೂಲಕ ಒಬ್ಬನು ಮೂರ್ಛೆರೋಗದಿಂದ ಚಡಪಡಿಸುವ ಸದ್ದು ಕೇಳಿಬಂತು. ಕೇಳಿದವನು ತಾನೊಬ್ಬನೇ ಎಂದು ತಿಳಿದವರಲ್ಲಿ ನೂರಕ್ಕೆ 85 ಜನರು ಮೂರ್ಛೆಯು ಮುಗಿಯುವಷ್ಟರಲ್ಲಿ ಸಹಾಯಕ್ಕೆದ್ದರು. ಇನ್ನೂ ನಾಲ್ವರು ಕೇಳುತ್ತಿರುವರೆಂದು ತಿಳಿದವರಲ್ಲಿ ಎದ್ದವರು 31 ಜನರು ಮಾತ್ರ. ಏಳದವರು ಕಲ್ಲೆದೆಯವರೇನೂ ಅಲ್ಲ. ಅವರ ಕೈಗಳು ನಡುಗುತ್ತಿದ್ದವು. ಹೊಣೆಯು ಐವರಲ್ಲಿ ಹಂಚಿಹೋಗಿ ಯಾರ ಪಾಲಿಗೂ ಏಳುವಷ್ಟು ಉಳಿಯಲಿಲ್ಲ.

ಧಾರವಾಡದ ಶಾಲೆಯ ಮಗುವೊಂದು ವಿಜ್ಞಾನ ಪ್ರದರ್ಶನಕ್ಕಾಗಿ ಈ ವಿಷಯವನ್ನೆತ್ತಿಕೊಂಡರೆ ದೊಡ್ಡ ಯಂತ್ರ ಬೇಕಿಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ದೊರೆಯುವ ಶೇಂಗಾ, ಒಂದು ತಕ್ಕಡಿ, ಒಂದು ಗಡಿಯಾರ ಸಾಕು. ಎಂಟು ಮಕ್ಕಳು ಹತ್ತು ನಿಮಿಷ ಶೇಂಗಾ ಸುಲಿದು ಒಂದೇ ಬುಟ್ಟಿಗೆ ಹಾಕಲಿ. ಇನ್ನೊಮ್ಮೆ ಅವರೇ ಅಷ್ಟೇ ಹೊತ್ತು ತಮ್ಮ ತಮ್ಮ ಬಟ್ಟಲಿಗೆ ಹಾಕಲಿ. ಎರಡು ಸಲದ ಕಾಳನ್ನೂ ತೂಗಬೇಕು. ಬೆರಳು ನೋಯುವುದರಿಂದ ಎರಡನೆಯ ಸರದಿಯು ಕುಗ್ಗಬಹುದು, ಕೈ ಪಳಗಿ ಏರಲೂಬಹುದು. ಆದುದರಿಂದ ಕೆಲವು ಗುಂಪುಗಳಿಗೆ ಬಟ್ಟಲನ್ನೇ ಮೊದಲು ಕೊಡುವುದು ಯುಕ್ತ. ಉದ್ದೇಶವನ್ನು ಮೊದಲೇ ಹೇಳಿದರೆ ಪ್ರಯೋಗವು ಕೆಡುವುದು. ಮುಗಿದ ಮೇಲೆ ಹೇಳದಿದ್ದರೆ ಮಕ್ಕಳಿಗೆ ಅನ್ಯಾಯವಾಗುವುದು. ತಂದೆತಾಯಿಗಳ ಒಪ್ಪಿಗೆಯಂತೂ ಬೇಕೇ ಬೇಕು. ತಿಂದ ಕಾಳಿನ ಲೆಕ್ಕ ಮಾತ್ರ ಸಿಗಲಾರದು!

ಎರಡು ತೂಕಗಳೂ ಸಮನಾಗಿ ಬಂದರೇನು ಗತಿ? ಒಂದೇ ಮನೆಯವರಂತೆ ಬೆಳೆದ ಮಕ್ಕಳು ಬುಟ್ಟಿಗೂ ಬಟ್ಟಲಿಗೂ ಭೇದವೆಣಿಸದೆ ಸುಲಿಯಲೂಬಹುದು. ಬಹುಮಾನದ ಆಸೆಯಿಂದ ಒಂದು ಅಂಕಿಯನ್ನು ತಿದ್ದಬೇಕೆಂದು ಆ ಹುಡುಗನಿಗೆ ತೋರುವ ಕ್ಷಣವೇ ನಿಜವಾದ ಪರೀಕ್ಷೆ. ಅಲ್ಲಿ ನೋಡುವವರೂ ಇಲ್ಲ, ಹಂಚಿಕೊಳ್ಳುವವರೂ ಇಲ್ಲ. ತಂದೆಯೂ ಗುರುವೂ ಅಲ್ಲಿ ಸಡಿಲಾಗುವುದುಂಟು; ಮಗುವಿನ ಪ್ರಯೋಗವನ್ನು ತಾವೇ ಮಾಡಿಕೊಟ್ಟು ಹೆಸರನ್ನು ಮಾತ್ರ ಅದರದೆಂದು ಬರೆಯಿಸುವ ವಾಡಿಕೆಯು ಹಳೆಯದು.

ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ನೆನೆಯಬಹುದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ತರುವುದು ಆತನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂತು. ಕಲ್ಯಾಣದಲ್ಲಿ ಕೇಳುವವರು ಯಾರು? ಕೊಟ್ಟವರು ಉದಾರಿಗಳು, ಅಂಗಳ ದೊಡ್ಡದು, ಆಯುವವರೂ ಅನೇಕರು. ಆದರೆ ಮನೆಯಲ್ಲಿ ಲಕ್ಕಮ್ಮನಿದ್ದಳು. ಆಕೆ ಅಳತೆಯನ್ನು ಕಣ್ಣಿನಲ್ಲಿಯೇ ಕಂಡಳು. ಅಂಗಳದ ಔದಾರ್ಯವನ್ನಾಗಲಿ ದೈವದ ಒಲವನ್ನಾಗಲಿ ಆಕೆ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಚ್ಚಾದುದು ಗಂಡನ ಮನಸ್ಸಿನ ಆಸೆಯೆಂದಳು. ಮಾರಯ್ಯನು ಅಕ್ಕಿಯನ್ನು ಮತ್ತೆ ಉಡಿಯಲ್ಲಿ ಕಟ್ಟಿಕೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗಿ ಅದೇ ಅಂಗಳದಲ್ಲಿ ಸುರಿದು ಬಂದನು.