ಅರಮನೆ ಸೀನರಿ ಬಿದ್ದಾಗಿನಿಂದ ನಿದ್ದೆಯಿಲ್ಲ

ಪ್ರಶ್ನೆ: ನಾನು ಅರೇಹಳ್ಳಿಯ ಶಾಲೆಯೊಂದರಲ್ಲಿ ಶಿಕ್ಷಕಿ. ವಾರ್ಷಿಕೋತ್ಸವದ ನಾಟಕಕ್ಕೆಂದು 10 ಅಡಿ ಎತ್ತರದ ಪ್ಲೈವುಡ್ ಅರಮನೆ ಬಾಗಿಲು ಮಾಡಿಸಿದ್ದೆ. ತಾಲೀಮಿನಲ್ಲಿ ಅದು ಮುಂದಕ್ಕೆ ಬಿತ್ತು. ಒಬ್ಬ ಹುಡುಗನ ಭುಜ ತರಚಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ನಾಟಕವನ್ನೇ ಕೈಬಿಡಲೇ?

ಉತ್ತರ: ದೊಡ್ಡ ಪೆಟ್ಟೇನೂ ಆಗಲಿಲ್ಲವಲ್ಲ ಎಂದು ಎಲ್ಲರೂ ಸಮಾಧಾನ ಹೇಳಿರುತ್ತಾರೆ. ಆದರೆ ಏನಾಗಿಬಿಡುತ್ತಿತ್ತೋ ಎಂಬ ಯೋಚನೆ ನಿಮ್ಮನ್ನು ಬಿಡುತ್ತಿಲ್ಲ. ಮಕ್ಕಳ ಹೊಣೆ ಹೊತ್ತವರಿಗೆ ಹೀಗಾಗುವುದು ಸಹಜ. ಈ ಭಯವನ್ನು ಅದುಮಬೇಡಿ, ಕೆಲಸಕ್ಕೆ ಹಚ್ಚಿ.

ನಿಮ್ಮನ್ನು ನೀವು ಹಳಿದುಕೊಳ್ಳುವ ಮುನ್ನ ಒಂದು ಮಾತು. ನಮ್ಮ ಕಡೆಯ ಕುರುಕ್ಷೇತ್ರ ನಾಟಕಗಳಲ್ಲಿ ಸೀನರಿ ಎಂದರೆ ಮೇಲಿಂದ ಇಳಿಬಿಟ್ಟ ಬಣ್ಣದ ಪರದೆ. ನೆಲದ ಮೇಲೆ ನಿಲ್ಲಿಸುವ ಸೀನರಿ ಬಹಳ ಊರುಗಳಿಗೆ ಹೊಸದು. ಬೇಲೂರು ದೇವಸ್ಥಾನದ ಅಂಗಳದ 42 ಅಡಿಯ ಕಲ್ಲುಕಂಬ ತನ್ನ ಭಾರದಿಂದಲೇ ನಿಂತಿದೆ. ಪ್ಲೈವುಡ್ಡಿಗೆ ಆ ಭಾರವೂ ಇಲ್ಲ, ದಪ್ಪವೂ ಇಲ್ಲ. ಇರುವುದು ಗಾಳಿ ಹಿಡಿಯುವ ಅಗಲ ಮಾತ್ರ. ಬಾಗಿಲನ್ನು ಜೋರಾಗಿ ಎಳೆದರೂ ಸಾಕು, ವಾಲುತ್ತದೆ.

ಹಾಗಾಗಿ ಊರಿನ ಬಡಗಿಯನ್ನು ಕರೆಸಿ. ಚೌಕಟ್ಟಿನ ಹಿಂದೆ ಎರಡೂ ಬದಿಗೆ ತ್ರಿಕೋನದ ಆನಿಕೆ ಕೊಡಿಸಿ: ಒಂದು ಪಟ್ಟಿ ಬುಡದಿಂದ ನೆಲಗುಂಟ ನಾಲ್ಕೈದು ಅಡಿ ಹಿಂದಕ್ಕೆ ಹೋಗಲಿ, ಇನ್ನೊಂದು ಅದರ ತುದಿಯಿಂದ ಓರೆಯಾಗಿ ಮೇಲೆದ್ದು ಚೌಕಟ್ಟನ್ನು ಏಳಡಿಯ ಹತ್ತಿರ ಹಿಡಿಯಲಿ. ಮೊಳೆ ಸಾಲದು, ಬೋಲ್ಟ್ ಹಾಕಿಸಿ. ಇನ್ನು ಮರಳು ಮೂಟೆ. ಹೆಚ್ಚಿನವರು ಅದನ್ನು ಬಾಗಿಲ ಬುಡಕ್ಕೇ ಒರಗಿಸಿಡುತ್ತಾರೆ. ಅಲ್ಲಿಟ್ಟರೆ ಸೀನರಿ ಮುಂದಕ್ಕೆ ಬೀಳುವುದನ್ನು ಅದು ತಡೆಯದು. ನೆಲಪಟ್ಟಿಯ ಹಿಂದಿನ ತುದಿಯಲ್ಲಿಡಿ. ದೂರವಿದ್ದಷ್ಟೂ ಹಿಡಿತ ಹೆಚ್ಚು. ಶಾಮಿಯಾನದ ಕಂಬಕ್ಕೆ ಮಾತ್ರ ಹಗ್ಗ ಕಟ್ಟಬೇಡಿ, ಶಾಮಿಯಾನ ಅಲುಗಿದರೆ ಸೀನರಿಯನ್ನೂ ಎಳೆಯುತ್ತದೆ.

ಮಕ್ಕಳು ಬರುವ ಮುಂಚೆ ದೊಡ್ಡವರೊಬ್ಬರು ಎದುರಿನಿಂದಲೂ ಹಿಂದಿನಿಂದಲೂ ಕೈಯಿಂದ ಒತ್ತಿ ನೋಡಲಿ. ಬುಡ ಎದ್ದರೆ ಇನ್ನೂ ಭಾರ ಬೇಕು. ನಾಟಕ ಮುಗಿಯುವವರೆಗೂ ಅವರಿಗೆ ಸೀನರಿ ಕಾಯುವುದೊಂದೇ ಕೆಲಸವಿರಲಿ. ಬಯಲು ರಂಗವಾದರೆ, ಗಾಳಿ ಎದ್ದ ಕೂಡಲೇ ಮಕ್ಕಳನ್ನು ದೂರ ನಿಲ್ಲಿಸಿ, ದೊಡ್ಡವರೇ ಸೇರಿ ಸೀನರಿಯನ್ನು ಮಲಗಿಸಿಬಿಡಲಿ. ಬರೀ ಪರದೆಯ ಮುಂದೆಯೂ ನಾಟಕ ನಡೆಯುತ್ತದೆ. ಮಕ್ಕಳಿಗೆ ಒಂದು ಮಾತು ಕಲಿಸಿ: ವಾಲಿದರೆ ಹಿಡಿಯಲು ಹೋಗಬೇಡಿ, ಪಕ್ಕಕ್ಕೆ ಓಡಿ. ಸೀನರಿ ಹೋದರೆ ಹೋಗಲಿ.

ಇಷ್ಟು ಮಾಡಲು ಸಮಯವಿಲ್ಲದಿದ್ದರೆ ಬಾಗಿಲನ್ನು ಬಿಡಿ, ನಾಟಕವನ್ನಲ್ಲ.

ಆ ಹುಡುಗನ ಮನೆಗೆ ಒಮ್ಮೆ ಹೋಗಿಬನ್ನಿ. ನಡೆದದ್ದನ್ನೂ ಈಗ ಮಾಡಿಸುತ್ತಿರುವುದನ್ನೂ ಅವನ ತಂದೆತಾಯಿಗೆ ಬಿಚ್ಚಿ ಹೇಳಿ. ಬಹುಶಃ ನಿಮ್ಮ ಮನಸ್ಸು ಅರ್ಧ ಹಗುರವಾಗುವುದು ಅಲ್ಲೇ. ಅವನೂ ಹೆದರಿದ್ದಾನೆಯೇ, ವಿಚಾರಿಸಿ. ಬೇಡವೆಂದರೆ ವೇದಿಕೆಗೆ ಒತ್ತಾಯಿಸಬೇಡಿ. ಇನ್ನೆರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎಷ್ಟು ಹೊತ್ತಾದರೂ ಸರಿ.